ಬಿದಿರಿನೊಳಗಣ ಬಯಲು



ಬಿದಿರು ನಮ್ಮ ಮನೆಗಳಿಗೆ ಹೊಸದಲ್ಲ. ಕೂಸನ್ನು ಮಲಗಿಸುವ ತೊಟ್ಟಿಲು, ಕಾಳು ಕೇರುವ ಮೊರ, ರೊಟ್ಟಿಯಿಡುವ ಬುಟ್ಟಿ, ಜೋಳ ತುಂಬುವ ಕಣಜ ಇವೆಲ್ಲವೂ ಒಂದು ಕಾಲಕ್ಕೆ ಬಿದಿರಿನವೇ ಆಗಿದ್ದವು. ಆದರೆ ಬಿದಿರನ್ನು ಕಡಿದು ತರುವುದಕ್ಕಲ್ಲದೆ, ಅದರ ನಡುವೆ ಸುಮ್ಮನೆ ನಿಂತು ಬರುವುದಕ್ಕಾಗಿಯೇ ಜನರು ದೂರದೂರಗಳಿಂದ ಬರುವುದನ್ನು ನಾವು ಕಣ್ಣಾರೆ ಕಂಡುದು ಜಪಾನ್ ದೇಶದಲ್ಲಿ.

ನಾವು ಅಲ್ಲಿಗೆ ಪ್ರವಾಸಿಗಳಾಗಿ ಹೋದವರಲ್ಲ. ನಮ್ಮ ಮಗಳು ಒಸಾಕಾ ನಗರದಲ್ಲಿ ಉದ್ಯೋಗದಲ್ಲಿರುವಳು. ಅವಳು ಹೋಗಿ ಐದು ವರ್ಷಗಳು ತುಂಬಿದ್ದವು. ಅವಳು ಕಳುಹಿಸಿದ ಹಣದಿಂದ ನಮ್ಮ ಮನೆಯ ಮಾಳಿಗೆ ಹೊಸದಾಯಿತು, ಅವಳ ತಮ್ಮನ ಓದು ಮುಗಿಯಿತು. ಕಳೆದ ವರ್ಷ ಬಸವ ಜಯಂತಿ ಕಳೆದ ಮೇಲೆ ನಾವು ದಂಪತಿಗಳು ಅವಳನ್ನು ಕಾಣಲು ಹೊರಟೆವು. ‘ಇನ್ನು ಸಾಕು ತಾಯಿ, ಊರಿಗೆ ಬಂದುಬಿಡು’ ಎಂಬ ಮಾತೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡೇ ಹೊರಟಿದ್ದೆವು. ಆ ಮಾತು ಏನಾಯಿತೆಂಬುದನ್ನು ಕಡೆಯಲ್ಲಿ ಅರಿಕೆ ಮಾಡಿಕೊಳ್ಳುವೆವು.

ಸಾಗಾನೋದ ಹಾದಿ

ಒಸಾಕಾದಿಂದ ಕ್ಯೋಟೋ ನಗರ ಬಹಳ ದೂರವಿಲ್ಲ. ಸಾವಿರ ವರ್ಷಗಳಿಗೂ ಮಿಕ್ಕಿ ಜಪಾನಿನ ರಾಜಧಾನಿಯಾಗಿದ್ದ ಆ ನಗರದ ಪಶ್ಚಿಮದ ಅಂಚಿನಲ್ಲಿ, ಬೆಟ್ಟಗಳ ಮಗ್ಗುಲಿಗೆ, ಅರಾಶಿಯಾಮಾ ಮತ್ತು ಸಾಗಾನೋ ಎಂಬ ಪ್ರದೇಶಗಳಿವೆ. ಹಗಲೇರಿದರೆ ಜನಜಂಗುಳಿ ನೆರೆಯುವುದೆಂದು ಮಗಳು ನಮ್ಮನ್ನು ಬೆಳಕು ಹರಿಯುವ ಮೊದಲೇ ಎಬ್ಬಿಸಿ ಕರೆದೊಯ್ದಳು.

ಅಲ್ಲಿ ತೆನ್‌ರ್ಯೂಜಿ ಎಂಬ ಝೆನ್ ಪಂಥದ ಮಹಾಮಠವಿದೆ. ೧೩೩೯ರಲ್ಲಿ ಅಶಿಕಾಗಾ ತಕಾಉಜಿ ಎಂಬ ಸೇನಾಧಿಪತಿಯು, ತಾನೇ ಎದುರಿಸಿ ಸಿಂಹಾಸನದಿಂದ ಕದಲಿಸಿದ್ದ ಗೋ-ದೈಗೋ ಚಕ್ರವರ್ತಿಯು ತೀರಿಕೊಂಡಾಗ, ಆತನ ಆತ್ಮಶಾಂತಿಗಾಗಿ ಇದನ್ನು ಕಟ್ಟಲು ತೊಡಗಿದನು. ಮುಸೋ ಸೋಸೆಕಿ ಎಂಬ ಗುರುಗಳು ಇದರ ಮೊದಲ ಮಠಾಧಿಪತಿಗಳು. ೧೯೯೪ರಲ್ಲಿ ಇದು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಈ ಮಠದ ಉತ್ತರದ ಬಾಗಿಲನ್ನು ದಾಟಿದರೆ ಎದುರಾಗುವುದೇ ಬಿದಿರಿನ ಮೆಳೆ.

ಮೆಳೆ ಎಂದೊಡನೆ ನಮ್ಮ ಓದುಗರ ಕಣ್ಣಿಗೆ ಮಲೆನಾಡಿನ ಮುಳ್ಳುಬಿದಿರಿನ ಹಿಂಡಲು ಕಟ್ಟಬಹುದು. ನಮ್ಮ ಬಿದಿರು ಒಂದಕ್ಕೊಂದು ಒತ್ತಿಕೊಂಡು ಗುಂಪಾಗಿ ಬೆಳೆಯುವಂಥದು. ಅದರೊಳಗೆ ಮನುಷ್ಯ ಹೊಗಲಾರ. ಅಲ್ಲಿಯದು ಹಾಗಲ್ಲ. ಅದರ ಬೇರುಗೆಡ್ಡೆ ನೆಲದೊಳಗೆ ಬಳ್ಳಿಯಂತೆ ಹರಿಯುತ್ತ ಹೋಗಿ ಅಲ್ಲೊಂದು ಇಲ್ಲೊಂದು ಮೊಳಕೆಯನ್ನು ಮೇಲೆ ಕಳುಹಿಸುತ್ತದೆ. ಆದಕಾರಣ ಒಂದೊಂದು ಗಳವೂ ತಾನೇ ತಾನಾಗಿ ನಿಂತಿರುತ್ತದೆ. ಮುಳ್ಳಿಲ್ಲ, ಕೊಂಬೆಯೆಲ್ಲ ಮೇಲ್ಭಾಗದಲ್ಲಿ. ಇಪ್ಪತ್ತು ಮೀಟರಿನಷ್ಟು ಎತ್ತರದ ಹಸಿರು ಕಂಬಗಳು ಎರಡೂ ಬದಿಗೆ ನಿಂತು, ತಲೆ ಬಾಗಿಸಿ ಮೇಲೆ ಚಪ್ಪರ ಹಾಕಿದ್ದವು. ಗಾಳಿ ಬೀಸಿದಾಗ ಮೊದಲು ಮೇಲೆ ಎಲೆಗಳ ಮರ್ಮರ, ಆಮೇಲೆ ಗಳಕ್ಕೆ ಗಳ ತಾಕುವ ಟೊಕ್ ಟೊಕ್ ಎಂಬ ಸದ್ದು. ೧೯೯೬ರಲ್ಲಿ ಜಪಾನಿನ ಸರಕಾರದ ಪರಿಸರ ಇಲಾಖೆಯು, ದೇಶದಲ್ಲಿ ಕಾಪಾಡಿಕೊಳ್ಳತಕ್ಕ ನೂರು ನಾದಪರಿಸರಗಳನ್ನು ಆಯ್ದು ಪಟ್ಟಿ ಮಾಡಿತು. ಕ್ಯೋಟೋದ ಬಿದಿರುಮೆಳೆಗಳ ಸದ್ದಿಗೆ ಅದರಲ್ಲಿ ಸ್ಥಾನವಿದೆ. ಸದ್ದನ್ನೂ ಸೊತ್ತೆಂದು ಬಗೆದ ಆ ಎಣಿಕೆ ನಮಗೆ ಮೆಚ್ಚಿಕೆಯಾಯಿತು.

ಮೆಳೆಯ ನಡುವೆ ನೊನೊಮಿಯಾ ಎಂಬ ಚಿಕ್ಕ ಶಿಂತೋ ಗುಡಿಯಿದೆ. ಅದರ ಮುಂದಿನ ತೋರಣದ್ವಾರ ತೊಗಟೆ ಸುಲಿಯದ ಮರದ ಕಂಬಗಳದು. ಪ್ರಾಚೀನ ಕಾಲದಲ್ಲಿ ಇಸೆ ಎಂಬಲ್ಲಿಯ ಮಹಾದೇಗುಲದ ಸೇವೆಗೆಂದು ಆಯ್ಕೆಯಾದ ರಾಜಕುಮಾರಿಯರು, ತಂದೆತಾಯಿಗಳ ಅರಮನೆಯನ್ನು ತೊರೆದು ಹೊರಡುವ ಮುನ್ನ, ಇಂಥ ಎಡೆಯಲ್ಲಿದ್ದು ಶುಚಿಯಾಗುತ್ತಿದ್ದರಂತೆ. ಮಗಳು ಇದನ್ನು ವಿವರಿಸುತ್ತಿದ್ದಾಗ ನಮ್ಮ ಮನೆಯವರು ಅವಳ ಮುಖವನ್ನೇ ನೋಡುತ್ತಿದ್ದರು.

ಹಾದಿಯ ಪಕ್ಕದ ಕೆಲವು ಗಳಗಳ ಮೇಲೆ ಯಾರೋ ತಮ್ಮ ಹೆಸರುಗಳನ್ನು ಗೀರಿದ್ದನ್ನೂ ಕಂಡೆವು. ೨೦೧೮ರಲ್ಲಿಯೇ ಇಂಥ ನೂರರಷ್ಟು ಗಳಗಳು ಕಂಡುಬಂದು ಸುದ್ದಿಯಾಗಿತ್ತು. ಮರಕ್ಕಾದರೆ ತೊಗಟೆ ಬೆಳೆದು ಗಾಯ ಮಾಯುವುದುಂಟು. ಬಿದಿರು ಹುಲ್ಲಿನ ಜಾತಿಯದು. ಅದರ ಗಾಯ ಮಾಯುವುದಿಲ್ಲ, ಗಳ ಇರುವವರೆಗೂ ಹಾಗೆಯೇ ಉಳಿಯುತ್ತದೆ. ಮಕ್ಕಳನ್ನು ಕರೆದುಕೊಂಡು ಎಲ್ಲಿಗೇ ಹೋಗಲಿ, ಈ ಒಂದು ಮಾತನ್ನು ಅವರಿಗೆ ತಿಳಿಯಹೇಳಬೇಕು.

ವಸಂತದಲ್ಲಿ ಎಲೆಯುದುರುವ ಗಿಡ

ನಾವು ಹೋದುದು ವೈಶಾಖದಲ್ಲಿ. ಸುತ್ತಲ ಬೆಟ್ಟಗಳೆಲ್ಲ ಹೊಸ ಚಿಗುರಿನಿಂದ ತುಂಬಿದ್ದರೆ, ಬಿದಿರಿನ ಎಲೆಗಳು ಮಾತ್ರ ಹಳದಿಗೆ ತಿರುಗಿ ನಮ್ಮ ಹೆಗಲ ಮೇಲೆ ಉದುರುತ್ತಿದ್ದವು. ಗಿಡಕ್ಕೆ ರೋಗವೇನಾದರೂ ತಗುಲಿತೇ ಎಂದು ಕೇಳಿದೆವು. ಮಗಳು ನಕ್ಕು, ಇದಕ್ಕೆ ಇವರ ಭಾಷೆಯಲ್ಲಿ ‘ಬಿದಿರಿನ ಶರತ್ಕಾಲ’ ಎಂಬ ಹೆಸರಿದೆ ಎಂದಳು. ಹೈಕು ಬರೆಯುವ ಕವಿಗಳಿಗೆ ಇದು ವಸಂತವನ್ನು ಸೂಚಿಸುವ ಪದ. ಚೈತ್ರ ವೈಶಾಖಗಳಲ್ಲಿ ನೆಲದಿಂದ ಹೊಸ ಕಳಲೆ ಏಳುತ್ತದೆ. ತಾಯಿಗಿಡಗಳು ಕೂಡಿಟ್ಟ ಸಾರವೆಲ್ಲ ಬೇರಿನ ಮೂಲಕ ಆ ಎಳೆಯ ಕಳಲೆಗೆ ಹರಿದುಹೋಗುತ್ತದೆ. ಆಗ ಹಳೆಯ ಎಲೆಗಳು ಹಳದಿಯಾಗಿ ಉದುರುತ್ತವೆ. ಬೇರೆ ಮರಗಳು ಬೋಳಾಗಲು ತೊಡಗುವ ಶರತ್ಕಾಲದಲ್ಲಿ ಬಿದಿರು ಮತ್ತೆ ಹಸಿರಾಗಿ ನಳನಳಿಸುತ್ತದೆ. ಅದನ್ನು ಅವರು ‘ಬಿದಿರಿನ ವಸಂತ’ ಎನ್ನುವರು.

ಕಳಲೆಯ ಬೆಳವಣಿಗೆಯಾದರೂ ಎಂಥದು! ಒಂದೇ ದಿನದಲ್ಲಿ ಒಂದು ಮೀಟರಿಗೂ ಹೆಚ್ಚು ಬೆಳೆದ ದಾಖಲೆ ಜಪಾನಿನಲ್ಲಿದೆ. ಎರಡು ಮೂರು ತಿಂಗಳಲ್ಲಿ ಅದು ತಾಯಿಯ ಎತ್ತರಕ್ಕೆ ನಿಲ್ಲುತ್ತದೆ. ಆಮೇಲೆ ಅದು ಎತ್ತರವಾಗುವುದಿಲ್ಲ, ದಪ್ಪವೂ ಆಗುವುದಿಲ್ಲ. ಗಟ್ಟಿಯಾಗುವುದೊಂದೇ ಉಳಿದ ಕೆಲಸ.

ನೋಡುವವರಿಗೆ ಇದು ತಾನಾಗಿ ಬೆಳೆದ ಕಾಡಿನಂತೆ ತೋರಿದರೂ, ಇದರ ಹಿಂದೆ ಕಾಯಕವಿದೆ. ವಯಸ್ಸಾದ ಗಳಗಳನ್ನು ಕಾಲಕಾಲಕ್ಕೆ ಕಡಿದು ತೆಗೆಯಬೇಕು. ಬಿಚ್ಚಿದ ಕೊಡೆ ಹಿಡಿದು ಒಬ್ಬನು ನಡೆದುಹೋಗುವಷ್ಟು ಎಡೆಯಿರಬೇಕೆಂಬುದು ಅಲ್ಲಿಯ ರೈತರ ಅಳತೆ. ಕ್ಯೋಟೋದ ಪಶ್ಚಿಮದ ಬೆಟ್ಟಗಳ ರೈತರು ಮೆಳೆಯ ನೆಲಕ್ಕೆ ಹುಲ್ಲು ಹಾಸಿ, ಮೇಲೆ ಮಣ್ಣು ಹರಡಿ, ಮೆತ್ತನೆಯ ಕಳಲೆಯನ್ನು ಬೆಳೆಯುವರು. ಈ ಆರೈಕೆ ತಪ್ಪಿದರೆ ಬಿದಿರು ಗೊಂಡಾರಣ್ಯವಾಗುತ್ತದೆ. ಪ್ಲಾಸ್ಟಿಕ್ಕಿನ ಪದಾರ್ಥಗಳೂ ಹೊರದೇಶದ ಅಗ್ಗದ ಕಳಲೆಯೂ ಬಂದ ಮೇಲೆ ಜಪಾನಿನಲ್ಲಿ ಎಷ್ಟೋ ಮೆಳೆಗಳು ಹೀಗೆ ಹಾಳುಬಿದ್ದಿವೆ. ಹಳ್ಳಿಯ ಮಕ್ಕಳು ನಗರ ಸೇರಿದರು. ವೃದ್ಧರ ಕೈಯಲ್ಲಿ ಮಚ್ಚು ನಿಲ್ಲದಾಯಿತು. ಬಿದಿರು ಬೇಲಿ ದಾಟಿ ಪಕ್ಕದ ಕಾಡನ್ನೂ ಹೊಲವನ್ನೂ ಆವರಿಸತೊಡಗಿತು. ಇದು ಆ ದೇಶದ ಇಂದಿನ ಚಿಂತೆಗಳಲ್ಲಿ ಒಂದು.

ಟೊಳ್ಳಿನ ಬೆಲೆ

ಮೆಳೆಯ ಹಾದಿ ಮುಗಿಯುವಲ್ಲಿ, ಬೆಟ್ಟದ ಇಳಿಜಾರಿನಲ್ಲಿ, ಒಕೋಚಿ ದೆಂಜಿರೋ ಎಂಬ ಹಳೆಯ ಚಲನಚಿತ್ರ ನಟನು ಕಟ್ಟಿಸಿದ ಮನೆ ಮತ್ತು ಉದ್ಯಾನವಿದೆ. ಅಲ್ಲಿ ಒಳಹೋದವರಿಗೆಲ್ಲ ಒಂದು ಬಟ್ಟಲು ಹಸಿರು ಚಹಾ ಕೊಡುವ ಪದ್ಧತಿ. ನಾವು ಮೂವರೂ ಬಿದಿರಿಗೆ ಎದುರಾಗಿ ಹಾಕಿದ್ದ ಮಣೆಗಳ ಮೇಲೆ ಕುಳಿತೆವು. ಸಕ್ಕರೆ, ಹಾಲುಗಳಿಲ್ಲದ ಆ ಚಹಾ ಕಹಿಯೇ ಸರಿ. ಆದರೆ ಬಟ್ಟಲಿನ ಮೇಲೆ ನಿಂತಿದ್ದ ನೊರೆ ಹಾಲಿನ ಕೆನೆಯಂತಿತ್ತು.

ಆ ನೊರೆಯನ್ನು ಎಬ್ಬಿಸುವ ಕಡೆಗೋಲು ಬಿದಿರಿನದು. ಅದಕ್ಕೆ ಚಾಸೆನ್ ಎನ್ನುವರು. ಗೇಣುದ್ದವೂ ಇಲ್ಲದ ಒಂದೇ ಬಿದಿರಿನ ತುಂಡನ್ನು ಕೂದಲೆಳೆಯಂತೆ ನೂರರಷ್ಟು ಎಳೆಗಳಾಗಿ ಸೀಳಿ, ತುದಿಯನ್ನು ಬಾಗಿಸಿ ಮಾಡುವ ಕೆಲಸವಿದು. ಅಂಟಿಲ್ಲ, ಮೊಳೆಯಿಲ್ಲ. ನಾರಾ ಪ್ರಾಂತದ ತಕಾಯಾಮಾ ಎಂಬ ಊರಿನ ಮನೆತನಗಳು ಐದುನೂರು ವರ್ಷಗಳಿಂದ ಇದನ್ನೇ ಕಾಯಕವಾಗಿ ನಡೆಸಿಕೊಂಡು ಬಂದಿವೆ.

ಹದಿನಾರನೆಯ ಶತಮಾನದಲ್ಲಿ ಚಹಾದ ಆಚರಣೆಯನ್ನು ಒಂದು ಸಾಧನೆಯ ಮಟ್ಟಕ್ಕೆ ಒಯ್ದ ಸೆನ್ ನೋ ರಿಕ್ಯೂ ಎಂಬ ಗುರುವಿಗೆ ಬಿದಿರೆಂದರೆ ಬಲು ಪ್ರೀತಿ. ಅಲ್ಲಿಯವರೆಗೆ ಸಿರಿವಂತರು ಚೀನಾದಿಂದ ತರಿಸಿದ ಬೆಲೆಬಾಳುವ ಪಾತ್ರೆಗಳಲ್ಲಿ ಹೂವಿಡುತ್ತಿದ್ದರು. ರಿಕ್ಯೂ ೧೫೯೦ರಲ್ಲಿ, ಯುದ್ಧದ ಬಿಡಾರದಲ್ಲಿದ್ದಾಗ, ಒಂದು ಬಿದಿರನ್ನು ಕೊಯ್ದು ಹೂದಾನಿ ಮಾಡಿದನು. ಅದಕ್ಕೆ ಸೀಳು ಬಿದ್ದಿತ್ತು. ನೀರು ಸೋರಿ ಚಾಪೆ ಒದ್ದೆಯಾದುದನ್ನು ಅತಿಥಿಯೊಬ್ಬನು ತೋರಿಸಿದಾಗ, ಆ ಸೋರುವಿಕೆಯೇ ಇದರ ಜೀವವೆಂದು ರಿಕ್ಯೂ ನುಡಿದನೆಂದು ಹೇಳುವರು. ಆ ಒಡಕು ಬಿದಿರನ್ನು ಇಂದಿಗೂ ತೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಕಾಯ್ದಿರಿಸಿದ್ದಾರೆ.

ಬಿದಿರಿನ ಶಾಕುಹಾಚಿ ಎಂಬ ಕೊಳಲೂ ಇದೇ ಪರಂಪರೆಯದು. ಬೇರಿನ ಬುಡದೊಡನೆ ಕಿತ್ತ ಬಿದಿರಿಗೆ ಐದು ರಂಧ್ರಗಳು, ಅಷ್ಟೇ. ಫುಕೆ ಎಂಬ ಝೆನ್ ಪಂಥದ ಭಿಕ್ಷುಗಳು ಮುಖ ಮುಚ್ಚುವಂಥ ಬುಟ್ಟಿಯನ್ನು ತಲೆಗೆ ಹಾಕಿಕೊಂಡು ಇದನ್ನು ಊದುತ್ತ ಭಿಕ್ಷೆಗೆ ಬರುತ್ತಿದ್ದರು. ಅವರಿಗೆ ಅದು ಸಂಗೀತವಲ್ಲ, ಉಸಿರಿನ ಧ್ಯಾನ. ‘ನಾನು’ ಎಂಬುದು ಕಾಣಿಸಬಾರದೆಂದೇ ಮುಖಕ್ಕೆ ಬುಟ್ಟಿ. ೧೮೭೧ರಲ್ಲಿ ಸರಕಾರವು ಆ ಪಂಥವನ್ನು ರದ್ದುಮಾಡಿತಾದರೂ ಕೊಳಲು ಉಳಿದುಕೊಂಡಿತು.

ಹಬ್ಬಹರಿದಿನಗಳಲ್ಲಿಯೂ ಬಿದಿರು ಬೇಕು. ಹೊಸವರ್ಷಕ್ಕೆ ಮನೆಬಾಗಿಲಲ್ಲಿ ದೇವದಾರುವಿನ ಜಾತಿಯ ಪೈನ್ ಕೊಂಬೆಯೊಡನೆ ಬಿದಿರನ್ನು ನಿಲ್ಲಿಸುವರು. ಮನೆ ಕಟ್ಟುವ ಭೂಮಿಪೂಜೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಬಿದಿರು ನೆಟ್ಟು ಹುರಿಯ ಹಗ್ಗ ಸುತ್ತುವರು. ತನಾಬಾತಾ ಎಂಬ ನಕ್ಷತ್ರಗಳ ಹಬ್ಬದಂದು ಮಕ್ಕಳು ತಮ್ಮ ಹರಕೆಗಳನ್ನು ಬಣ್ಣದ ಕಾಗದದ ಮೇಲೆ ಬರೆದು ಬಿದಿರಿನ ಕೊಂಬೆಗೆ ಕಟ್ಟುವರು. ಬುಟ್ಟಿ ಹೆಣೆಯುವ ಕೆಲಸವೂ ಅಲ್ಲಿ ಕೀಳಲ್ಲ. ೧೯೬೭ರಲ್ಲಿ ಶೋನೋ ಶೋಉನ್‌ಸಾಯ್ ಎಂಬ ಬಿದಿರು ಕುಶಲಿಯನ್ನು ಸರಕಾರವು ರಾಷ್ಟ್ರದ ಜೀವಂತ ನಿಧಿಯೆಂದು ಗೌರವಿಸಿತು. ಬಿದಿರಿನ ಕೆಲಸಕ್ಕಾಗಿ ಆ ಮನ್ನಣೆ ಪಡೆದವರಲ್ಲಿ ಆತನೇ ಮೊದಲಿಗ.

ಕೊಳಲಾಗಲಿ, ಹೂದಾನಿಯಾಗಲಿ ಬಿದಿರು ಒಳಗೆ ಬರಿದಾಗಿರುವುದರಿಂದಲೇ ಆಯಿತಲ್ಲವೆ ಎಂದು ನಾವು ಅಂದುಕೊಂಡೆವು. ಶೂನ್ಯ, ಬಯಲು ಎಂಬ ಮಾತುಗಳನ್ನು ಅಲ್ಲಮಪ್ರಭುಗಳಿಂದ ಕೇಳಿಬಂದ ನಮಗೆ ಅದು ತೀರ ಹೊರಗಿನ ವಿಚಾರವೆನಿಸಲಿಲ್ಲ.

ಬಿದಿರು ಕಡಿಯುವ ಮುದುಕನ ಕಥೆ

ಚಹಾ ಕುಡಿಯುತ್ತ ಮಗಳು ಒಂದು ಕಥೆ ಹೇಳಿದಳು. ಅಲ್ಲಿಯ ಮಕ್ಕಳೆಲ್ಲರೂ ಶಾಲೆಯಲ್ಲಿ ಓದುವ, ಜಪಾನಿ ಭಾಷೆಯಲ್ಲಿ ಉಳಿದುಬಂದಿರುವ ಅತಿ ಪ್ರಾಚೀನ ಗದ್ಯಕಥೆಯಿದು. ಹತ್ತನೆಯ ಶತಮಾನದ ಹೊತ್ತಿಗೆ ಬರೆಹಕ್ಕೆ ಬಂದಿತ್ತು. ಹೆಸರು ‘ತಾಕೆತೋರಿ ಮೊನೊಗತಾರಿ’, ಎಂದರೆ ಬಿದಿರು ಕಡಿಯುವವನ ಕಥೆ.

ಒಬ್ಬ ಬಡ ಮುದುಕ. ಬಿದಿರು ಕಡಿದು ಬದುಕುವವನು. ಮಕ್ಕಳಿಲ್ಲ. ಒಂದು ದಿನ ಒಂದು ಬಿದಿರಿನ ಬುಡ ಬೆಳಗುತ್ತಿರುವುದನ್ನು ಕಂಡು ನೋಡಿದರೆ, ಒಳಗೆ ಮೂರಂಗುಲದ ಒಂದು ಹೆಣ್ಣುಕೂಸು. ಅಂಗೈಯಲ್ಲಿ ಮನೆಗೆ ತಂದು ಮುದುಕಿಯ ಕೈಗಿಟ್ಟನು. ಅಂದಿನಿಂದ ಅವನು ಕಡಿದ ಬಿದಿರಿನ ಗಿಣ್ಣುಗಳ ನಡುವೆ ಮತ್ತೆ ಮತ್ತೆ ಹೊನ್ನು ದೊರೆಯತೊಡಗಿತು. ಮನೆ ಸಿರಿವಂತವಾಯಿತು. ಕೂಸು ಮೂರೇ ತಿಂಗಳಲ್ಲಿ ಬೆಳೆದು ನಿಂತಿತು, ಕಳಲೆಯ ಹಾಗೆ. ಕಗುಯಾಹಿಮೆ ಎಂದು ಹೆಸರಿಟ್ಟರು.

ಐವರು ಶ್ರೀಮಂತ ವರರು ಬಂದರು. ಒಬ್ಬೊಬ್ಬರಿಗೂ ಅವಳು ಆಗದ ಕೆಲಸವೊಂದನ್ನು ಒಡ್ಡಿದಳು. ಒಬ್ಬನಿಗೆ ನಮ್ಮ ಭಾರತದೇಶದಿಂದ ಬುದ್ಧನ ಕಲ್ಲಿನ ಭಿಕ್ಷಾಪಾತ್ರೆಯನ್ನು ತರಹೇಳಿದಳು. ಅವನು ಭಾರತಕ್ಕೆ ಹೊರಟೆನೆಂದು ಸುಳ್ಳಾಡಿ, ಹತ್ತಿರದ ಬೆಟ್ಟದ ಗುಡಿಯೊಂದರಿಂದ ಮಸಿ ಹಿಡಿದ ಬಟ್ಟಲನ್ನು ತಂದು ತೋರಿಸಿ ನಗೆಗೀಡಾದನು. ಕಡೆಗೆ ಚಕ್ರವರ್ತಿಯೇ ಕರೆದರೂ ಅವಳು ಹೋಗಲಿಲ್ಲ.

ಬರಬರುತ್ತ ಅವಳು ಹುಣ್ಣಿಮೆಯ ಚಂದ್ರನನ್ನು ನೋಡಿ ಅಳತೊಡಗಿದಳು. ತಾನು ಚಂದ್ರಲೋಕದವಳೆಂದೂ, ಎಂಟನೆಯ ತಿಂಗಳ ಹುಣ್ಣಿಮೆಗೆ ತನ್ನವರು ಬಂದು ಕರೆದೊಯ್ಯುವರೆಂದೂ ಹೇಳಿದಳು. ಮುದುಕನು ಚಕ್ರವರ್ತಿಗೆ ಮೊರೆಯಿಟ್ಟನು. ಎರಡು ಸಾವಿರ ಸೈನಿಕರು ಬಂದು ಮನೆಯ ಸುತ್ತ ನಿಂತರು. ಮುದುಕಿ ಅವಳನ್ನು ಒಳಕೋಣೆಯಲ್ಲಿ ತಬ್ಬಿಕೊಂಡು ಕುಳಿತಳು. ಆದರೆ ಚಂದ್ರಲೋಕದವರು ಇಳಿದು ಬಂದಾಗ ಬಿಲ್ಲು ಹಿಡಿದವರ ಕೈ ಸೋತವು, ಮುಚ್ಚಿದ ಬಾಗಿಲುಗಳು ತಾವಾಗಿ ತೆರೆದುಕೊಂಡವು. ಬಂದವರ ಒಡೆಯನು ಮುದುಕನಿಗೆ ಹೇಳಿದ ಮಾತಿನ ಸಾರವಿಷ್ಟು: ನೀನು ಮಾಡಿದ ಅಲ್ಪ ಪುಣ್ಯಕ್ಕಾಗಿ ಸ್ವಲ್ಪ ಕಾಲ ಇವಳನ್ನು ನಿನ್ನಲ್ಲಿ ಇರಿಸಿದ್ದೆವು, ಆ ಹೊನ್ನೆಲ್ಲ ಬಂದುದೂ ಅದರಿಂದಲೇ. ಅವಳಿಗೆ ರೆಕ್ಕೆಯ ಉಡುಪು ತೊಡಿಸಿದರು. ತೊಟ್ಟೊಡನೆ ಅವಳಿಗೆ ಮುದುಕ ಮುದುಕಿಯರ ಮೇಲಣ ಮರುಕ ಮರೆತುಹೋಯಿತು.

ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಮನೆಯವರು ಕೇಳಿದರು: “ಆ ಹೊನ್ನು ಏನಾಯಿತು?”

“ಅದು ಮನೆಯಲ್ಲಿಯೇ ಇತ್ತು, ಅವ್ವಾ” ಎಂದಳು ಮಗಳು.

ಕೇತಯ್ಯನವರು ಕಂಡ ಹೊನ್ನು

ಆಗ ಮನೆಯವರು ತಮ್ಮ ತವರೂರಿನ ಮಠದಲ್ಲಿ ಬಾಲ್ಯದಲ್ಲಿ ಕೇಳಿದ ಪುರಾಣವೊಂದನ್ನು ನೆನೆದರು. ನಮಗಾದರೂ ಅದು ತೋಚಿರಲಿಲ್ಲ. ಮೇದಾರ ಕೇತಯ್ಯನವರೂ ಬಿದಿರು ಕಡಿಯುವವರೇ. ಹನ್ನೆರಡನೆಯ ಶತಮಾನದ ಶರಣರು. ಗವರೇಶ್ವರ ಎಂಬುದು ಅವರ ವಚನಗಳ ಅಂಕಿತ. ಬುಟ್ಟಿ ಮೊರಗಳನ್ನು ಹೆಣೆದು ಮಾರಿ, ಬಂದುದರಲ್ಲಿ ಪತ್ನಿ ಸಾತವ್ವೆಯೊಡನೆ ಜಂಗಮದಾಸೋಹ ನಡೆಸಿದವರು. ಅವರನ್ನು ಪರೀಕ್ಷಿಸಲೆಂದು ಶಿವನು ಬಿದಿರಿನೊಳಗೆ ಹೊನ್ನು ತುಂಬಿದನಂತೆ. ಕಡಿದ ಬಿದಿರಿನಿಂದ ಹೊನ್ನು ಉದುರಿದರೆ ಕೇತಯ್ಯನವರು, ಈ ಬಿದಿರಿಗೆ ಹುಳು ಬಿದ್ದಿದೆ, ಬುಟ್ಟಿಗೆ ಬಾರದು ಎಂದು ಅದನ್ನು ಬಿಟ್ಟು ಬೇರೊಂದಕ್ಕೆ ಕೈಹಾಕಿದರಂತೆ. ಮುಂದಿನ ಕಥೆ ನಮ್ಮ ಓದುಗರಿಗೆ ತಿಳಿದುದೇ ಆಗಿದೆ.

ಆ ಮುದುಕನಿಗೂ ಕೇತಯ್ಯನವರಿಗೂ ನಡುವೆ ಎಷ್ಟೋ ಸಮುದ್ರಗಳು. ಒಬ್ಬರ ಕಥೆ ಇನ್ನೊಬ್ಬರನ್ನು ತಲುಪಿದ್ದಿರಲಾರದು. ಆದರೂ ಬಿದಿರು ಕಡಿದು ಬದುಕುವ ಬಡವನು ಒಂದು ದಿನ ಗಿಣ್ಣಿನೊಳಗೆ ಹೊನ್ನನ್ನು ಕಂಡರೆ ಏನು ಮಾಡುವನೆಂಬ ಪ್ರಶ್ನೆ ಎರಡೂ ಕಡೆ ಎದ್ದಿದೆ. ಮುದುಕನನ್ನು ನಾವು ಹಳಿಯಲಾರೆವು. ಅವನು ಹೊನ್ನನ್ನು ಬೇಡಿ ಪಡೆದವನಲ್ಲ. ಅವನಿಗೆ ಅದಕ್ಕಿಂತ ಮಗಳೇ ಮೇಲಾಗಿದ್ದಳು. ಆದರೆ ಕೂಸೂ ಹೊನ್ನೂ ಒಂದೇ ಬಿದಿರಿನಿಂದ ಬಂದುದರಿಂದ, ಎರಡೂ ತನ್ನವೇ ಎಂದು ಅವನು ನಂಬಿದನು. ಎರಡು ಸಾವಿರ ಸೈನಿಕರನ್ನು ಕರೆಸಿದುದು ಆ ನಂಬಿಕೆಯೇ.

ನಾವು ಕೂಡ ಊರಿನಿಂದ ಒಂದು ಸೈನ್ಯವನ್ನು ಕಟ್ಟಿಕೊಂಡು ಬಂದವರೇ ಆಗಿದ್ದೆವು. ನಮ್ಮ ವಯಸ್ಸು, ನಮ್ಮ ಮೊಣಕಾಲಿನ ನೋವು, ಬಂಧುಗಳ ಮಾತು, ಕಾದಿರುವ ವರನ ಜಾತಕ, ಇವೆಲ್ಲ ಆ ಸೈನ್ಯದ ಪದಾತಿಗಳು. ಒಂದು ಕಡೆ ಅವಳ ಹಣದ ಮಾಳಿಗೆಯ ಕೆಳಗೆ ಮಲಗುತ್ತ, ಇನ್ನೊಂದು ಕಡೆ ಅವಳು ದೂರವಿರುವುದಕ್ಕೆ ಕೊರಗುತ್ತ ಐದು ವರ್ಷಗಳನ್ನು ಕಳೆದಿದ್ದೆವು. ಉದುರಿದ ಎಲೆಗಳ ಲೆಕ್ಕವನ್ನು ತಾಯಿಬಿದಿರು ಕಳಲೆಯ ಮುಂದೆ ಒಪ್ಪಿಸುವುದಿಲ್ಲ. ನಾವು ಒಪ್ಪಿಸಲೆಂದೇ ಬಂದಿದ್ದೆವು.

ಉಳಿದ ಮಾತು

ಇನ್ನೂ ಹತ್ತು ದಿನ ಅವಳೊಡನಿದ್ದೆವು. ಪ್ರತಿದಿನ ಬೆಳಿಗ್ಗೆ ಮೂವರೂ ಇಷ್ಟಲಿಂಗಪೂಜೆಗೆ ಕುಳಿತೆವು. ಆ ಚಿಕ್ಕ ಕೋಣೆಯಲ್ಲಿ ಅವಳು ವಿಭೂತಿಯ ಗಟ್ಟಿಯನ್ನು ಜಪಾನಿ ಬಿದಿರಿನ ಡಬ್ಬಿಯೊಂದರಲ್ಲಿ ಇಟ್ಟುಕೊಂಡಿದ್ದಳು. ರೆಕ್ಕೆಯ ಉಡುಪು ತೊಟ್ಟು ಎಲ್ಲವನ್ನೂ ಮರೆತವಳು ಅವಳಲ್ಲವೆಂಬುದು ನಮಗೆ ಆಗ ಅರಿವಾಯಿತು.

ಕಟ್ಟಿಕೊಂಡು ಹೋದ ಮಾತನ್ನು ನಾವು ಆಡಲಿಲ್ಲ. ವಿಮಾನನಿಲ್ದಾಣದಲ್ಲಿ ಬೀಳ್ಕೊಡುವ ಹೊತ್ತಿಗೆ ಮನೆಯವರು ಬೇರೊಂದು ಮಾತನ್ನು ಆಡಿದರು: “ಇನ್ನು ಮೇಲೆ ಹಣ ಕಳುಹಿಸಬೇಡ. ಮನೆಗೆ ಬೇಕಾದುದು ಮನೆಯಲ್ಲಿದೆ. ನಿನಗೆ ಬರಬೇಕೆನಿಸಿದ ದಿನ ಬಾ. ಬರುವಾಗ ಬರಿಗೈಯಲ್ಲಿ ಬಾ.” ಮಗಳು ಏನೂ ಹೇಳಲಿಲ್ಲ. ತಾಯಿಯ ಸೆರಗನ್ನು ಸರಿಪಡಿಸಿ, ಕೈಚೀಲದಲ್ಲಿ ಒಂದು ಪುಟ್ಟ ಪೊಟ್ಟಣ ಇಟ್ಟಳು. ಊರಿಗೆ ಬಂದು ಬಿಚ್ಚಿದರೆ ಒಳಗೆ ಬಿದಿರಿನ ಕಡೆಗೋಲು, ಆ ಚಾಸೆನ್, ಇತ್ತು.

ಅದೀಗ ನಮ್ಮ ಅಡಿಗೆಮನೆಯಲ್ಲಿ, ಗೋಡೆಗೆ ತೂಗುಹಾಕಿದ ಹಳೆಯ ಮೊರದ ಮಗ್ಗುಲಲ್ಲಿದೆ. ಒಂದನ್ನು ಹೆಣೆದವರು ನಮ್ಮೂರಿನ ಮೇದಾರರು. ಇನ್ನೊಂದನ್ನು ಸೀಳಿದವರ ಹೆಸರು ನಮಗೆ ತಿಳಿಯದು. ಭಾನುವಾರ ಭಾನುವಾರ ಮಗಳು ದೂರವಾಣಿಯಲ್ಲಿ ಮಾತಾಡುವಳು. ಬರುವೆನೆಂದು ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ. ನಮಗೆ ಆಸೆ ಹೋಗಿದೆಯೆಂದರೆ ಸುಳ್ಳಾಗುತ್ತದೆ. ಆದರೆ ಕೇಳುವ ಧ್ವನಿಯಲ್ಲಿ ಈಗ ಲೆಕ್ಕವಿಲ್ಲ.

ದೂರದೇಶಗಳಲ್ಲಿ ಮಕ್ಕಳಿರುವ ಮನೆಗಳು ನಮ್ಮ ಸಮಾಜದಲ್ಲಿ ಇಂದು ಊರೂರಿಗೂ ಇವೆ. ಅಂಥ ತಂದೆತಾಯಿಗಳಿಗೆ ನಮ್ಮದೊಂದು ಬಿನ್ನಹ. ಮಕ್ಕಳು ಕಳುಹಿಸಿದ ಹೊನ್ನನ್ನು ಎಣಿಸುವ ಮುನ್ನ ಒಮ್ಮೆ ಕೇತಯ್ಯನವರನ್ನು ನೆನೆಯೋಣ. ಅವರು ಬಿದಿರನ್ನು ಬುಟ್ಟಿಗಾಗಿ ಕಡಿದರು, ಬುಟ್ಟಿಯನ್ನು ದಾಸೋಹಕ್ಕಾಗಿ ಹೆಣೆದರು. ಬಿದಿರಿನ ಒಳಗಿನ ಬಯಲನ್ನು ಬಯಲಾಗಿಯೇ ಬಿಟ್ಟರು.